ಗದ್ದುಗೆ ಮನೆಯ ಮಗಳು ಹೇಳಿದ ‘ಇಲ್ಲ’

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಹಾಗಾಗಿ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ.

ಚಳ್ಳಕೆರೆಯ ಒಂದು ಕ್ಲಿನಿಕ್ಕಿಗೆ ಗುರುವಾರ ಗುರುವಾರ ಚಿತ್ರದುರ್ಗದಿಂದ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆ. ಒಂದು ಗುರುವಾರ ನನ್ನ ತಮ್ಮನನ್ನು ಅವರ ಎದುರಿಗೆ ಕೂರಿಸಿದೆ. ಅವನು ಮೂರು ತಿಂಗಳಿಂದ ಅಂಗಡಿ ಬಾಗಿಲು ತೆಗೆದಿರಲಿಲ್ಲ, ಸರಿಯಾಗಿ ಊಟ ಮಾಡಿರಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದವನು ಈ ಕಡೆ ತಿರುಗಿರಲಿಲ್ಲ. ಡಾಕ್ಟರಮ್ಮ ಅವನನ್ನು ಏನೇನೋ ಕೇಳಿದರು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ವಂಶದಲ್ಲಿ ಹಿಂದೆ ಯಾರಿಗಾದ್ರೂ ಹಿಂಗಾಗಿತ್ತೇನಮ್ಮ? ತಿಂಗಳುಗಟ್ಟಲೆ ಮಂಕಾಗಿ ಮಲಗೋದು? ಇಲ್ಲಾ ಅದಕ್ಕೆ ಪೂರ್ತಿ ಉಲ್ಟಾ, ನಿದ್ದೆನೇ ಇಲ್ದೆ ಓಡಾಡೋದು, ವಿಪರೀತ ಮಾತು, ಕೈಗೆ ಸಿಕ್ಕಿದ್ದೆಲ್ಲ ಕೊಟ್ಟುಬಿಡೋದು?”

ನಮ್ಮ ಗದ್ದುಗೆ ತಾತನ ಫೋಟೊ ಮೇಜಿನ ಮೇಲಿಟ್ಟುಕೊಂಡು ಕೇಳಿದ ಹಾಗಿತ್ತು.

“ಇಲ್ರೀ ಮೇಡಂ,” ಅಂದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಪಾಪ ಕಮ್ಮಿಯಾಗುತ್ತಿತ್ತು. “ನಮ್ಮದು ಗದ್ದುಗೆ ಮನೆತನ. ಅಂಥದ್ದೆಲ್ಲ ನಮ್ಮಲ್ಲಿಲ್ಲ,” ಎಂದು ಸೆರಗು ಬೇರೆ ಸರಿಮಾಡಿಕೊಂಡೆ.

ಮೂರು ತಿಂಗಳಿಂದ ಯಾರ ಮುಖವನ್ನೂ ನೋಡದ ತಮ್ಮ ಆಗ ತಲೆಯೆತ್ತಿ ನನ್ನನ್ನು ನೋಡಿದ. ಒಂದೇ ಸಲ. ಮತ್ತೆ ತಲೆ ತಗ್ಗಿಸಿದ.

ಡಾಕ್ಟರಮ್ಮ ಹಾಳೆಯ ಮೇಲೆ ಒಂದು ಕಡೆ ಗೆರೆ ಎಳೆದರು. ನನ್ನ ‘ಇಲ್ಲ’ವನ್ನು ಅಲ್ಲಿ ಬರೆದುಕೊಂಡಿರಬೇಕು. “ಸದ್ಯಕ್ಕೆ ಖಿನ್ನತೆಗೆ ಮಾತ್ರೆ ಕೊಡ್ತೀನಿ. ನಿದ್ದೆ ಕಮ್ಮಿಯಾಗಿ ಮಾತು ಜಾಸ್ತಿಯಾದ್ರೆ ಗುರುವಾರದವರೆಗೆ ಕಾಯ್ಬೇಡಿ. ಮಾತ್ರೆ ನಿಲ್ಸಿ ನನಗೆ ಫೋನ್ ಮಾಡಿ. ಮರೀಬೇಡಿ,” ಅಂದರು. ನಾನು ಮರೆಯಲಿಲ್ಲ. ಮರೆತಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಗದ್ದುಗೆಯ ವಿಷಯ ಹೇಳಬೇಕು. ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಹೊಲ ಮುಗಿದು, ದನ ಮೇಯುವ ಕಾವಲಿನ ಹುಲ್ಲು ಶುರುವಾಗುವ ಕಡೆ ಒಂದು ಕಲ್ಲಿನ ಕಟ್ಟೆ ಇದೆ. ಮೇಲೆ ಲಿಂಗ, ಸುತ್ತ ಸುಣ್ಣ, ಪಕ್ಕದಲ್ಲಿ ಚಪ್ಪಡಿ ಮುಚ್ಚಿದ ಒಂದು ಹಳೇ ಬಾವಿ. ಅದು ನಮ್ಮಪ್ಪನ ಚಿಕ್ಕಪ್ಪನ ಸಮಾಧಿ. ನಮಗೆಲ್ಲ ಅವರು ಗದ್ದುಗೆ ತಾತ. ಅವರ ಕಥೆಯನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಅನ್ನ ಕಲಸುವಾಗಲೇ ಕಲಸಿ ತಿನ್ನಿಸುತ್ತಾರೆ. ಒಂದು ಬೆಳಿಗ್ಗೆ ತಾತ ಎದ್ದು ಓಣಿಯ ದನಗಳ ಹಗ್ಗವನ್ನೆಲ್ಲ ಬಿಚ್ಚಿ ಕಾವಲಿಗೆ ಅಟ್ಟಿದರಂತೆ. ನೆಲದೊಳಗೆ ಜೋಳ ತುಂಬಿಟ್ಟಿದ್ದ ಹಗೇವು ತೆಗೆಸಿ, ವರ್ಷಕ್ಕಾಗುವ ಕಾಳನ್ನು ಕಂಡಕಂಡವರ ಸೆರಗಿಗೆ ಸುರಿದರಂತೆ. ಹನ್ನೆರಡು ದಿನ ಕಣ್ಣು ಮುಚ್ಚಲಿಲ್ಲವಂತೆ. ಹಾಡಿಕೊಂಡು ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆದರಂತೆ. ತಿರುಗಿ ಬಂದ ಮೇಲೆ ಆರು ತಿಂಗಳು ಮೌನಾನುಷ್ಠಾನ, ಗೋಡೆ ಕಡೆ ಮುಖ ಮಾಡಿ ಮಲಗಿದವರು ಯಾರ ಜೊತೆಗೂ ಮಾತಾಡಲಿಲ್ಲವಂತೆ. ಹೀಗೆ ಮೂರು ಸಲ ದಾಸೋಹ, ಮೂರು ಸಲ ಮೌನ. ಮೂರನೇ ಮೌನದ ಕೊನೆಗೆ ಹೊಲದ ಬಾವಿಯಲ್ಲಿ ಗಂಗಮ್ಮನ ಜೊತೆ ಐಕ್ಯರಾದರಂತೆ.

ಡಾಕ್ಟರಮ್ಮ ಕೇಳಿದ್ದು ಇದನ್ನೇ. ಅವರು ಕಾಯಿಲೆ ಅಂದುಕೊಂಡು ಕೇಳಿದರು, ನಾವು ವರ್ಷವರ್ಷ ಇದಕ್ಕೆ ಕಾಯಿ ಒಡೆಯುತ್ತಿದ್ದೆವು.

ಇದೇ ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮಪ್ಪನ ತಂಗಿ. ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮೂರನೇ ವರ್ಷ ಅತ್ತೆ ನಿದ್ದೆ ಬಿಟ್ಟು, ಧಾರೆ ಸೀರೆ ಉಟ್ಟುಕೊಂಡು ಪೇಟೆಯಲ್ಲಿ ಹಾಡುತ್ತಾ ನಡೆದರು. ಮಾವನವರ ಅಂಗಡಿಯ ಸೀರೆಗಳನ್ನು ಬಸ್ ಸ್ಟ್ಯಾಂಡಿನ ಹೆಂಗಸರಿಗೆ ಹಂಚಿದರು. ನಡೆದದ್ದು, ಹಾಡಿದ್ದು, ಹಂಚಿದ್ದು, ತಾತ ಮಾಡಿದ್ದೆಲ್ಲವನ್ನೂ ಅತ್ತೆಯೂ ಮಾಡಿದರು. ಆದರೆ ಅವರು ಹೆಂಗಸು. ಹಾಗಾಗಿ ತಾತನಿಗೆ ಬಂದದ್ದು ಶಿವನ ಕಳೆಯಾಯಿತು, ಅತ್ತೆಗೆ ಬಂದದ್ದು ಗಾಳಿ ಸೋಕಾಯಿತು. ತವರಿಗೆ ಕರೆದು ತಂದು ಕೊಟ್ಟಿಗೆ ಪಕ್ಕದ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಬಿಗಿದರು. ಚಿಕ್ಕವಳಾಗಿದ್ದಾಗ ರೊಟ್ಟಿ ಒಯ್ಯುವುದು ನನ್ನ ಪಾಳಿ. ಕಿಟಕಿಯಲ್ಲಿ ತಟ್ಟೆ ತೂರಿಸಿದರೆ ಅತ್ತೆ ಕೇಳುತ್ತಿದ್ದುದು ಒಂದೇ ಮಾತು: “ಇವತ್ತು ಯಾವ ವಾರನೇ ಹುಡುಗಿ?” ಸೋಮವಾರ ಅಂದರೆ ಸೋಮವಾರ, ಶನಿವಾರ ಅಂದರೆ ಶನಿವಾರ. ಒಂದೊಂದು ಸಲ ಬೇಕಂತಲೇ ತಪ್ಪು ವಾರ ಹೇಳಿ ಓಡಿಬಂದು ನಗುತ್ತಿದ್ದೆ. ಸುಳ್ಳು ಹೇಳುವ ಅಭ್ಯಾಸ ನನಗೆ ಅಲ್ಲಿಂದಲೇ ಇತ್ತೆಂದು ಕಾಣುತ್ತದೆ. ಅತ್ತೆ ಆ ಕೋಣೆಯಲ್ಲೇ ತೀರಿಕೊಂಡರು. ಅವರಿಗೆ ಕಟ್ಟೆ ಕಟ್ಟಲಿಲ್ಲ. ಕೋಣೆಗೆ ಹೊಟ್ಟು ತುಂಬಿದರು.

ಗದ್ದುಗೆ ತಾತ ಮಾತ್ರ ನನಗೆ ತುಂಬ ಉಪಕಾರ ಮಾಡಿದರು. ನನ್ನನ್ನು ಬಿ.ಜಿ. ಕೆರೆಗೆ ಕೊಟ್ಟಾಗ ನನ್ನ ನೆಗೆಣ್ಣಿ ಪಿಯುಸಿ ಪಾಸಾಗಿ ಬಂದವಳು. ನನ್ನ ಕೈಯಲ್ಲಿದ್ದುದು ಏಳನೇ ಕ್ಲಾಸು ಮತ್ತು ತಾತ. ತಾತನೇ ಗೆದ್ದರು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಬಂದವರಿಗೆಲ್ಲ ಹೇಳುವುದು, “ಇವಳು ನೋಡಮ್ಮಾ, ಗದ್ದುಗೆ ಮನೆಯವಳು. ಇವರ ತಾತ ಶ್ರೀಶೈಲಕ್ಕೆ ನಡ್ಕೊಂಡು ಹೋದ ದೇವುಡು.” ಅತ್ತೆಗೆ ಖುಷಿಯಾದರೆ ತೆಲುಗು ನುಗ್ಗುತ್ತದೆ. ಹಬ್ಬದಲ್ಲಿ ಮೊದಲ ಆರತಿ ನನ್ನದು. ಅಮಾವಾಸ್ಯೆಯ ದಿನ ನಾನು ಎಂಜಲು ಪಾತ್ರೆ ಮುಟ್ಟುವಂತಿರಲಿಲ್ಲ. ನೆಗೆಣ್ಣಿ ಪಿಯುಸಿ ಓದಿದ ಕೈಯಲ್ಲಿ ಹಲ್ಲು ಕಚ್ಚಿಕೊಂಡು ಎಲ್ಲರ ತಟ್ಟೆ ತೊಳೆಯುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದೆ. ಹದಿನೆಂಟು ವರ್ಷ ಹಾಗೆ ಬತ್ತಿ ಹೊಸೆದವಳು ಡಾಕ್ಟರ ಮುಂದೆ ಕೂತು, ನಮ್ಮ ತಾತನಿಗೆ ತಲೆಯ ಕಾಯಿಲೆ ಇತ್ತು ಎಂದು ಹೇಗೆ ಹೇಳಿಯಾಳು?

ತಮ್ಮ ಡಿಗ್ರಿ ಓದಿದವನು. ಅಪ್ಪ ತೀರಿಕೊಂಡ ಮೇಲೆ ಚಳ್ಳಕೆರೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಮದುವೆ ಆಗಿರಲಿಲ್ಲ. ಅವನು ಮಲಗಿಬಿಟ್ಟಾಗ ಬಂಧುಬಳಗದಲ್ಲಿ ಡಾಕ್ಟರಾಗದೆ ಉಳಿದವರು ಯಾರೂ ಇರಲಿಲ್ಲ. ಓದು ಜಾಸ್ತಿಯಾಗಿ ತಲೆಗೆ ಏರಿದೆ ಎಂದು ಒಬ್ಬರು, ಮದುವೆ ಮಾಡಿದರೆ ಎದ್ದು ಕೂರುತ್ತಾನೆ ಎಂದು ಇನ್ನೊಬ್ಬರು. ಓದೇ ಕಾರಣ ಅನ್ನುವುದು ನನಗೂ ಒಳಗೊಳಗೆ ಹಿತವಾಗಿತ್ತು. ನನ್ನನ್ನು ಏಳಕ್ಕೇ ಬಿಡಿಸಿದ್ದರಲ್ಲ, ನನ್ನ ತಲೆ ಭದ್ರ. ಕೊನೆಗೆ ಅವ್ವನೇ ಒಂದು ದಿನ, “ಇವನ್ನ ಡಾಕ್ಟ್ರ ಹತ್ರ ಕರ್ಕೊಂಡೋಗೇ. ಹಿಂಗೆ ಗೋಡೆ ನೋಡೋರನ್ನ ನಾನು ನೋಡೀನಿ,” ಅಂದಳು. ಯಾರನ್ನು ನೋಡಿದ್ದಳು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಎಂಬ ಭಯ.

ಮಾತ್ರೆ ತೆಗೆದುಕೊಂಡ ಮೂರನೇ ವಾರಕ್ಕೆ ತಮ್ಮ ಎದ್ದ. ಸ್ನಾನ ಮಾಡಿದ, ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಬಿ.ಜಿ. ಕೆರೆಯಿಂದ ದಿನಾ ಫೋನ್ ಮಾಡಿ ಕೇಳುತ್ತಿದ್ದೆ. ಆಮೇಲೆ ಅವನೇ ಫೋನ್ ಮಾಡತೊಡಗಿದ. ಬೆಳಗಿನ ಐದಕ್ಕೆ, ಐದೂ ಕಾಲಿಗೆ, ಐದೂವರೆಗೆ.

“ಅಕ್ಕ, ಚಳ್ಳಕೆರೆ ಪೇಟೆ ಪೂರ್ತಿ ಗುಡಿಸ್ಬಿಟ್ಟೆ ಕಣಕ್ಕ. ಒಬ್ನೂ ಎದ್ದಿಲ್ಲ, ಎಲ್ಲ ಸತ್ತೋರ ಥರ ಮಲಗೌರೆ!”

“ನೀನು ಮಲಗಿದ್ಯೇನೋ?”

“ಮಲಗಿದ್ದು ಸಾಕಾಗ್ಲಿಲ್ವಾ? ಮೂರು ತಿಂಗ್ಳದ್ದು ಒಟ್ಟಿಗೆ ಮಲಗೀನಿ.”

ಅವನ ಮಾತಿಗೆ ನಾನು ನಕ್ಕೆ. ನಗು ಬರುವ ಹಾಗೇ ಇತ್ತು. ನಿದ್ದೆ ಕಮ್ಮಿ, ಮಾತು ಜಾಸ್ತಿ. ಡಾಕ್ಟರಮ್ಮನ ಮಾತು ಕಿವಿಯಲ್ಲೇ ಇತ್ತು, ಅವರ ನಂಬರು ಕೈಯಲ್ಲೇ ಇತ್ತು. ಫೋನ್ ಮಾಡಿದರೆ ಆ ಪ್ರಶ್ನೆಯನ್ನು ಮತ್ತೆ ಕೇಳಿಯಾರು ಎಂದು ಮಾಡಲಿಲ್ಲ.

ಆ ವಾರವೇ ಅವನು ಅಂಗಡಿಯ ಬಿತ್ತನೆ ಶೇಂಗಾ ಮೂಟೆಗಳನ್ನು ರಸ್ತೆಗೆ ಎಳೆದು, ಹೋಗುವವರು ಬರುವವರನ್ನು ನಿಲ್ಲಿಸಿ, “ಬಿತ್ರಿ, ಬಿತ್ರಿ, ಭೂಮಿತಾಯಿ ಬಾಯಿ ತಕ್ಕೊಂಡು ಕೂತೈತೆ,” ಎಂದು ಸುರಿದುಕೊಟ್ಟ. ಮಾರನೇ ದಿನ ಸರ್ಕಾರದವರು ಬೇಲಿ ಹಾಕಿದ ವರವು ಕಾವಲ್ ಕಡೆ ಹೋಗಿ ಗೇಟಿನ ಹತ್ತಿರ ನಿಂತು, ದನ ಮೇಯಲು ಹುಲ್ಲು ಬಿಡಿ ಎಂದು ಕಾವಲುಗಾರನಿಗೆ ಎರಡು ಗಂಟೆ ಭಾಷಣ ಮಾಡಿದ. ಆ ಕಾವಲುಗಾರ ನೀರು ಕುಡಿಸಿ, ನೆರಳಿಗೆ ಕೂರಿಸಿ, ತಮ್ಮನ ಫೋನಿನಿಂದಲೇ ನನಗೆ ಫೋನ್ ಮಾಡಿದ.

“ಅಮ್ಮಾ, ನಿಮ್ಮ ತಮ್ಮ ಹೇಳೋದೆಲ್ಲ ನ್ಯಾಯವಾಗೇ ಐತೆ. ಆದ್ರೆ ಹುಡುಗನಿಗೆ ಹುಷಾರಿಲ್ಲ. ಬಂದು ಕರ್ಕೊಂಡೋಗ್ರಿ.”

ನಮ್ಮ ಮನೆತನಕ್ಕೆ ಮೂರು ತಲೆಮಾರಿನಿಂದ ಕಾಣದ್ದು ಗೇಟು ಕಾಯುವವನಿಗೆ ಎರಡು ಗಂಟೆಯಲ್ಲಿ ಕಂಡಿತ್ತು.

ಕರೆದುಕೊಂಡು ಬರಲು ಹೋದವರು ನಮ್ಮ ಚಿಕ್ಕಪ್ಪ, ಅಪ್ಪನ ತಮ್ಮ. ಗದ್ದುಗೆಯ ಪೂಜೆ, ಗದ್ದುಗೆಯ ತೆಂಗಿನಕಾಯಿ, ಗದ್ದುಗೆಯ ಗೌರವ ಮೂರೂ ಅವರದು. ತಮ್ಮ ಶೇಂಗಾ ಹಂಚಿದ್ದು, ನಿದ್ದೆ ಬಿಟ್ಟದ್ದು, ಕಾವಲಿಗೆ ನಡೆದದ್ದು ಕೇಳಿ ಅವರ ಕಣ್ಣು ಹೊಳೆದವು. “ಲೇ, ಇದು ಕಾಯಿಲೆ ಅಲ್ರಲೇ. ತಾತ ತಿರುಗಿ ಬಂದವ್ರೆ!” ಎಂದವರೇ ಗದ್ದುಗೆಯ ಪಕ್ಕ ಕಂಬಳಿ ಹಾಸಿ ತಮ್ಮನನ್ನು ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಹಾರ. ಜೇಬಿನಲ್ಲಿದ್ದ ಮಾತ್ರೆ ಹಾಳೆಯನ್ನು ಕಿತ್ತು ಗದ್ದುಗೆಯ ಮೇಲಿಟ್ಟು, “ಇನ್ನು ಈ ಗುಳಿಗೆ ಬ್ಯಾಡ,” ಅಂದರು. ಆ ಮಾತ್ರೆ ನಿಲ್ಲಿಸುವುದೇ ಸರಿಯಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಏನೂ ತಿಳಿಯದ ಚಿಕ್ಕಪ್ಪ ಸರಿಯಾದ ಅರ್ಧ ಮಾಡಿದರು. ಫೋನ್ ಮಾಡುವ ಉಳಿದ ಅರ್ಧ ಎಲ್ಲ ತಿಳಿದಿದ್ದ ನನ್ನದಾಗಿತ್ತು.

ನಾನೇನು ಮಾಡಿದೆ? ನನ್ನ ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಹೌದು. ತಮ್ಮನನ್ನು ಆಸ್ಪತ್ರೆಗೆ ಸೇರಿಸಲು ಅಲ್ಲ, ಅತ್ತೆಗೆ ಅವನ ಆಶೀರ್ವಾದ ಕೊಡಿಸಲು. ಸತ್ತ ತಾತನೇ ಹದಿನೆಂಟು ವರ್ಷ ಪಾತ್ರೆ ತಪ್ಪಿಸಿದ್ದರು, ಬದುಕಿರುವ ತಾತ ಏನೇನು ತಪ್ಪಿಸಿಯಾನು!

ನಾವು ಹೋದಾಗ ಸುತ್ತ ಇಪ್ಪತ್ತು ಮೂವತ್ತು ಜನ. ತಮ್ಮನ ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು, ತುಟಿ ಒಡೆದಿತ್ತು, ಮಾತು ಮಾತ್ರ ನಿಂತಿರಲಿಲ್ಲ. ಅತ್ತೆ ಅವನ ಕಾಲು ಮುಟ್ಟಿ, “ಸ್ವಾಮಿ, ಈ ಮೊಣಕಾಲು ನೋವಿಗೆ ಏನಾದ್ರೂ ಅಪ್ಪಣೆ ಕೊಡ್ರಿ,” ಅಂದರು.

“ನಡೀರಿ! ಶ್ರೀಶೈಲಕ್ಕೆ ನಡೀರಿ. ಕಾಲು ಸವೆದ್ರೆ ನೋವೂ ಸವೀತೈತೆ!”

“ಆಗ್ಲಿ ಸ್ವಾಮಿ,” ಎಂದು ಅತ್ತೆ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನಾನು ಬಗ್ಗಿ ಅವನ ಕಾಲು ಮುಟ್ಟಿದೆ. ಎಂಟು ವರ್ಷ ಕಿರಿಯ, ಸೊಂಟದ ಮೇಲೆ ಹೊತ್ತು ಬೆಳೆಸಿದವನ ಕಾಲು. ಅವನು ಮಾತು ನಿಲ್ಲಿಸಿ ನನ್ನ ಗದ್ದ ಹಿಡಿದೆತ್ತಿದ.

“ಇವಳು ನಮ್ಮಕ್ಕ. ಡಾಕ್ಟ್ರ ಮುಂದೆ ಇವಳು ತಾತನ್ನ ಮುಚ್ಚಿಟ್ಳು. ಕೇಳ್ರಿ ಎಲ್ಲಾರೂ, ತಾತನ್ನ ಮುಚ್ಚಿಟ್ಳು!”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ನಮ್ಮ ಕಡೆಯ ಜನ ನನ್ನನ್ನು ಕಾಪಾಡಿದರು. ಹಿಂದಿನಿಂದ ಯಾರೋ, “ಮುಚ್ಚಿಟ್ಟೈತೆ ಅಂದ್ರೆ ನಿಧಿ ಇರ್ಬೇಕು ಕಣ್ಲೇ,” ಅಂದ. ಚಿಕ್ಕಪ್ಪ ತಕ್ಷಣ ತಲೆಯಾಡಿಸಿ, “ತಾತನ ಮಾತು ನೇರವಾಗಿರಲ್ಲ, ಒಗಟಾಗಿರ್ತೈತೆ,” ಅಂದರು. ಅಷ್ಟು ನೇರವಾದ ಮಾತು ಆ ಗದ್ದುಗೆಯ ಮುಂದೆ ಹಿಂದೆಂದೂ ಯಾರೂ ಆಡಿರಲಿಲ್ಲ.

ತಮ್ಮ ಎದ್ದ. ನೆಟ್ಟಗೆ ಬಾವಿಯ ಕಡೆ ಹೋದ. “ತಾತಂಗೆ ಉಸಿರು ಕಟ್ಟೈತೆ. ಎಷ್ಟು ವರ್ಷ ಮುಚ್ಚಿಡ್ತೀರಾ? ನಾನು ಇಳಿದು ಕರ್ಕೊಂಡ್ಬರ್ತೀನಿ,” ಎಂದು ಚಪ್ಪಡಿ ಕಲ್ಲಿಗೆ ಭುಜ ಕೊಟ್ಟ. ಮಧ್ಯಾಹ್ನದ ಬಿಸಿಲು. ಹಾರದ ಹೂವು ಉದುರುತ್ತಿದ್ದವು. ಒಬ್ಬನಿಂದ ಅಲ್ಲಾಡುವ ಕಲ್ಲಲ್ಲ ಅದು. ಆದರೆ ನಿಧಿ ಎಂಬ ಮಾತು ಗಾಳಿಯಲ್ಲಿತ್ತಲ್ಲ, ನಾಲ್ಕು ಜನ ಗಂಡಸರು ಪಂಚೆ ಎತ್ತಿ ಕಟ್ಟಿ ಅವನ ಜೊತೆ ಭುಜ ಕೊಟ್ಟರು. “ಹಾಂ, ಇನ್ನೊಂಚೂರು, ಈ ಕಡೆಯಿಂದ ನೂಕ್ರಲೇ,” ಎಂದು ಚಿಕ್ಕಪ್ಪ ಲೆಕ್ಕ ಹೇಳಿ ನೂಕಿಸುತ್ತಿದ್ದರು. ಕಲ್ಲು ಒಂದು ಗೇಣು ಸರಿದು ಒಳಗಿನ ಕತ್ತಲು ಕಂಡಿತು. ನಾನು ನಿಂತಲ್ಲೇ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು.

ಬಾಯಿ ತೆರೆದವಳು ಅವ್ವ. ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಆ ಗಂಡಸರನ್ನೆಲ್ಲ ಮೊಣಕೈಯಲ್ಲಿ ತಿವಿದು ಸರಿಸಿ, ಚಪ್ಪಡಿಯ ಮೇಲೆ ಹತ್ತಿ ಕೂತಳು.

“ಸರಿಸ್ರಲೇ ಈಗ! ನನ್ನನ್ನೂ ಸೇರಿಸಿ ಸರಿಸ್ರಿ!”

“ಅತ್ತಿಗೆ, ಏಳ್ರಿ. ತಾತ ಐಕ್ಯ ಆದ ಜಾಗ ಅದು. ಕೂರಬಾರದು,” ಅಂದರು ಚಿಕ್ಕಪ್ಪ.

“ಐಕ್ಯ ಅಂತೆ ಐಕ್ಯ! ನೀನು ಆಗ ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದಿ, ನಿನಗೇನು ಗೊತ್ತೈತೆ? ನಾನು ಈ ಮನೆಗೆ ಬಂದು ವರ್ಷ ತುಂಬಿರ್ಲಿಲ್ಲ. ಹಗ್ಗ ಬಿಟ್ಟು ಮೇಲಕ್ಕೆತ್ತಿದ್ದು ಈ ಕಣ್ಣಲ್ಲಿ ನೋಡೀನಿ. ಬೇಜಾರಾಗಿ ನೀರಿಗೆ ಬಿದ್ದ ಮನುಷ್ಯ ಅವ್ನು. ಮೌನ ಅಂತೀರಲ್ಲ, ಮೌನ ಅಲ್ಲ ಅದು, ಅಳು. ಆರು ತಿಂಗ್ಳು ಗೋಡೆ ಕಡೆ ತಿರುಗಿ ಅಳ್ತಿದ್ದ. ರೊಟ್ಟಿ ಕೊಡೋಕೆ ಹೋದಾಗ ನನ್ನತ್ರ ಹೇಳಿದ್ದ, ಸಾಕಾಗೈತೆ ಕಣವ್ವ ಅಂತ. ನಾನು ಹೋಗಿ ಮಾವನೋರಿಗೆ ಹೇಳ್ದೆ. ಹೊಸ ಸೊಸೆ, ಬಾಯಿ ಮುಚ್ಕೊಂಡಿರು ಅಂದ್ರು. ಮುಚ್ಕೊಂಡೆ. ಇನ್ನು ಮುಚ್ಚಲ್ಲ.”

ಪಂಚೆ ಎತ್ತಿ ಕಟ್ಟಿದ್ದವರು ಒಬ್ಬೊಬ್ಬರಾಗಿ ಇಳಿಸಿಕೊಂಡರು. ತಮ್ಮ ಮಾತ್ರ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವ್ವನ ಹಿಟ್ಟಿನ ಕೈ ಹಿಡಿದುಕೊಂಡು ಏನೋ ಹೇಳುತ್ತಲೇ ಇದ್ದ. ಅವ್ವ ನನ್ನ ಕಡೆ ನೋಡಿದಳು.

“ಏನೇ, ಇನ್ನೂ ನಿಂತಿದ್ದೀಯಾ? ಫೋನ್ ಹಚ್ಚೇ ಡಾಕ್ಟ್ರಿಗೆ.”

ಹಚ್ಚಿದೆ. ಹನ್ನೆರಡು ದಿನ ತಡವಾಗಿ.

ಅವತ್ತು ಸಾಯಂಕಾಲವೇ ದುರ್ಗಕ್ಕೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದೆವು. ಮಾರನೇ ಬೆಳಿಗ್ಗೆ ಡಾಕ್ಟರಮ್ಮ ಒಂದು ಬಿಳಿ ಹಾಳೆ ಇಟ್ಟುಕೊಂಡು ನನ್ನನ್ನು ಕೂರಿಸಿದರು. ಆ ಪ್ರಶ್ನೆಯನ್ನು ಅವರು ಎರಡನೇ ಸಲ ಕೇಳುವವರೆಗೆ ನಾನು ಕಾಯಲಿಲ್ಲ. ತಾತ, ಹಗೇವು, ಶ್ರೀಶೈಲ, ಗೋಡೆ, ಬಾವಿ, ಎಲ್ಲ ಹೇಳಿದೆ. ಅವರು ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಹಾಕುತ್ತಾ ನಮ್ಮ ವಂಶವನ್ನು ಗೆರೆ ಎಳೆದು ಬರೆದರು. ತಾತನ ಚೌಕದೊಳಗೆ ಪೆನ್ನಿನಿಂದ ಕಪ್ಪು ತುಂಬಿದರು.

“ಹೆಂಗಸರಲ್ಲಿ ಯಾರಾದ್ರೂ?”

ಅಪ್ಪನ ತಂಗಿ, ಆ ಅತ್ತೆಯ ನೆನಪು ನನಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಮುಚ್ಚಿಡಬೇಕೆಂದೂ ಅಲ್ಲ, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೇಳಿದೆ. ಮೊಳಕಾಲ್ಮೂರು, ಸೀರೆ, ಕೊಟ್ಟಿಗೆ, ಚಿಲಕ. ಡಾಕ್ಟರಮ್ಮ ಒಂದು ಸೊನ್ನೆ ಹಾಕಿ ಅದರೊಳಗೂ ಕಪ್ಪು ತುಂಬಿದರು. ಅದೇ ಪೆನ್ನು, ಅದೇ ಕಪ್ಪು. ನಮ್ಮ ಮನೆಯಲ್ಲಿ ತಾತನನ್ನೂ ಅತ್ತೆಯನ್ನೂ ಸಮಸಮ ಕೂರಿಸಿದ್ದು ಅದೇ ಮೊದಲು, ಅದೂ ಒಂದು ಹಾಳೆಯ ಮೇಲೆ.

ಕಾಯಿಲೆಯ ಹೆಸರು ಬೈಪೋಲಾರ್ ಎಂದರು. ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ವಿಪರೀತ ಇಳಿಯುತ್ತದೆ, ಮಾತ್ರೆ ತಪ್ಪಿಸದಿದ್ದರೆ ಹತೋಟಿಯಲ್ಲಿ ಇರುತ್ತದೆ, ಎಲ್ಲರಂತೆ ಅಂಗಡಿ ನಡೆಸಬಹುದು, ಮದುವೆಯಾಗಬಹುದು ಎಂದರು. ಬರೀ ಇಳಿತಕ್ಕೆ ಕೊಡುವ ಮಾತ್ರೆ ಇಂಥವರನ್ನು ಕೆಲವೊಮ್ಮೆ ಮೇಲಕ್ಕೆ ಎಸೆದುಬಿಡುತ್ತದಂತೆ.

“ನಾನು ಅವತ್ತೇ ಹೇಳಿದ್ರೆ?” ಕೇಳಿದೆ.

“ಬೇರೆ ಮಾತ್ರೆ ಶುರು ಮಾಡ್ತಿದ್ದೆ,” ಅಂದರು. ಬೈಯಲಿಲ್ಲ. ಬೈದಿದ್ದರೆ ಊರಿಗೆ ಬಂದು ಡಾಕ್ಟರದ್ದೇ ಬಾಯಿ ಸರಿಯಿಲ್ಲ ಎಂದು ಹೇಳಿಕೊಂಡು ತಿರುಗಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ತಮ್ಮ ಸುಲಭಕ್ಕೆ ಒಪ್ಪಲಿಲ್ಲ. “ನನಗೇನೂ ಇಲ್ಲ, ನಮ್ಮಕ್ಕನಿಗೆ ಐತೆ. ಅವಳಿಗೆ ಕೊಡ್ರಿ ಮಾತ್ರೆ,” ಎಂದು ನರ್ಸಮ್ಮನ ಜೊತೆ ಒಂದು ವಾರ ಜಗಳವಾಡಿದ. ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗುಳಿದ. ಮನೆಗೆ ಬಂದ ಮೇಲೂ ಎರಡು ಸಲ ನಿಲ್ಲಿಸಿ ನೋಡಿದ, ಎರಡು ಸಲವೂ ಕೈ ಸುಟ್ಟುಕೊಂಡ. ಕೊನೆಗೆ ಒಂದು ದಿನ ಡಾಕ್ಟರಮ್ಮನ ಮೇಜಿನ ಮೇಲಿದ್ದ ವಂಶದ ಹಾಳೆಯನ್ನು ತಾನೇ ಎಳೆದುಕೊಂಡು ನೋಡಿದ. ಅವನ ಚೌಕವನ್ನು ಡಾಕ್ಟರಮ್ಮ ಅರ್ಧಕ್ಕೇ ಬಿಟ್ಟಿದ್ದರು, ಉಳಿದರ್ಧ ಅವನು ಒಪ್ಪಿದ ಮೇಲೆ ಎಂದು. ಪೆನ್ನು ಕೇಳಿ ಇಸಿದುಕೊಂಡು ಪೂರ್ತಿ ಕಪ್ಪು ತುಂಬಿದ.

“ತಾತಂಗೆ ಕಟ್ಟೆ ಕಟ್ಟಿದ್ರು, ಅತ್ತೆಗೆ ಚಿಲಕ ಹಾಕಿದ್ರು, ನನಗೆ ಮಾತ್ರೆ ಸಿಕ್ತು. ಮೂರು ಜನರಲ್ಲಿ ನಾನೇ ಲಕ್ಕಿ ಬಿಡಕ್ಕ,” ಅಂದ. ನನ್ನ ಮುಖ ನೋಡಿ ಹೇಳಲಿಲ್ಲ.

ಆ ವರ್ಷ ಗದ್ದುಗೆ ಪೂಜೆಗೆ ಹೋಗುವುದೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ತಮ್ಮನೇ ಹೊರಟ. ನನ್ನ ಅತ್ತೆಯೂ ನೆಗೆಣ್ಣಿಯನ್ನು ಕರೆದುಕೊಂಡು ಬಂದರು. ಅವರು ಶ್ರೀಶೈಲಕ್ಕೆ ಹೋಗಲು ಅಭ್ಯಾಸ ಎಂದು ಬಿ.ಜಿ. ಕೆರೆಯಲ್ಲಿ ಬೆಳಿಗ್ಗೆ ಸಂಜೆ ನಡೆದು ನಡೆದು, ಮೊಣಕಾಲು ಕುಂಬಳಕಾಯಿಯಾಗಿತ್ತು. ಚಿಕ್ಕಪ್ಪ ಏನೂ ಆಗಿಲ್ಲವೆಂಬಂತೆ ಹಾರ ಹಿಡಿದು ಬಂದರು. “ಬಾ ಅಪ್ಪಾಜಿ, ತಾತನ ಪಕ್ಕ ಕೂತ್ಕೊ. ಜನ ಕಾಯ್ತಾವ್ರೆ.”

“ಹಾರ ನೀವೇ ಇಟ್ಕೊಳ್ರಿ ಚಿಕ್ಕಪ್ಪ. ನನಗೊಂದು ಲೋಟ ನೀರು ಕೊಡ್ರಿ, ಮಾತ್ರೆ ನುಂಗೋ ಹೊತ್ತಾಯ್ತು,” ಅಂದ ತಮ್ಮ.

“ಎಂಥ ಮಾತ್ರೆ? ಇನ್ನೂ ನಿಲ್ಸಿಲ್ವಾ?”

ತಮ್ಮ ನನ್ನ ಕಡೆ ನೋಡಿದ, ಕ್ಲಿನಿಕ್ಕಿನಲ್ಲಿ ನೋಡಿದ್ದ ಹಾಗೆಯೇ. “ಅಕ್ಕ ಹೇಳ್ತಾಳೆ,” ಅಂದ.

ನನ್ನ ಕೈ ಮತ್ತೆ ಸೆರಗಿಗೆ ಹೋಯಿತು. ಅತ್ತೆ ಎದುರಿಗೇ ಕೂತಿದ್ದರು, ನೆಗೆಣ್ಣಿ ಪಕ್ಕದಲ್ಲಿ. ಸೆರಗು ಬಿಟ್ಟೆ.

“ಬೈಪೋಲಾರ್ ಅಂತ ಕಾಯಿಲೆ ಐತೆ ಚಿಕ್ಕಪ್ಪ, ಅದಕ್ಕೆ. ತಾತಂಗೂ ಅದೇ ಇತ್ತು. ಕೊಟ್ಟಿಗೆ ಕೋಣೇಲಿ ಸತ್ತ ಅತ್ತೆಗೂ ಅದೇ. ಡಾಕ್ಟ್ರು ಕೇಳಿದಾಗ ನಾನು ಇಲ್ಲ ಅಂತ ಸುಳ್ಳು ಹೇಳ್ದೆ. ಅದಕ್ಕೇ ಇವನು ಬಾವಿ ತನಕ ಹೋದ.”

ಚಿಕ್ಕಪ್ಪ ಹಾರ ಹಿಡಿದುಕೊಂಡೇ ಸಿಟ್ಟಿನಿಂದ ನನ್ನ ಕಡೆ ತಿರುಗಿದರು. “ನೀನು ಹೊರಗಿನ ಮನೆ ಹೆಣ್ಣು. ನಮ್ಮ ದೇವರಿಗೆ ಹುಚ್ಚ ಅಂತೀಯಾ?”

“ಹುಚ್ಚ ಅಂದಿಲ್ಲ, ಹುಷಾರಿರ್ಲಿಲ್ಲ ಅಂದೆ,” ಅಂದೆ. ಆ ಕಾವಲುಗಾರನ ಮಾತು ನನ್ನ ಬಾಯಿಗೆ ಬಂದಿತ್ತು. ಅವ್ವ ನೀರು ತಂದುಕೊಟ್ಟಳು. ತಮ್ಮ ಮಾತ್ರೆ ನುಂಗಿದ. ಚಿಕ್ಕಪ್ಪ ಹಾರವನ್ನು ಗದ್ದುಗೆಗೆ ಹಾಕಿ ಗಂಟೆಯನ್ನು ಎಂದಿಗಿಂತ ಜೋರಾಗಿ ಬಾರಿಸಿದರು. ಪೂಜೆಯೇನೂ ನಿಲ್ಲಲಿಲ್ಲ. ಈಗಲೂ ನಡೆಯುತ್ತದೆ, ಕಾಯಿಯೂ ಬರುತ್ತದೆ.

ವಾಪಸ್ ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಅತ್ತೆ ಮೊಣಕಾಲು ನೀವಿಕೊಳ್ಳುತ್ತಾ, “ಹಂಗಾದ್ರೆ ನನ್ನ ಮೊಣಕಾಲಿಗೆ ಅವನು ಹೇಳಿದ್ದು?” ಅಂದರು.

“ಹುಷಾರಿಲ್ಲದಾಗ ಹೇಳಿದ್ದು ಅತ್ತೆ.”

“ಅಯ್ಯೋ ದೇವುಡಾ. ಮೊದ್ಲೇ ಹೇಳ್ಬಾರ್ದಾ? ಎಷ್ಟು ನಡೆಸ್ದೆ ನನ್ನ!”

ಮುಂದಿನ ಅಮಾವಾಸ್ಯೆ ಬಂತು. ಊಟವಾದ ಮೇಲೆ ನಾನು ಅಭ್ಯಾಸದಂತೆ ಬತ್ತಿಯ ಹತ್ತಿ ತೆಗೆದುಕೊಂಡು ಜಗಲಿಗೆ ಹೋದೆ. ಅತ್ತೆ ಒಳಗಿನಿಂದಲೇ ಕೂಗಿದರು, “ಏನೇ, ಪಾತ್ರೆ ಹಂಗೇ ಬಿದ್ದೌವೆ.” ನೆಗೆಣ್ಣಿ ತನ್ನ ಸೀರೆಯ ನಿರಿಗೆ ಸರಿಮಾಡಿಕೊಂಡು ಬಂದು ನನ್ನ ಕೈಯ ಹತ್ತಿಯನ್ನು ಇಸಿದುಕೊಂಡಳು. ನಾನು ಹಿತ್ತಲಿಗೆ ಹೋಗಿ ಕೂತೆ. ಹನ್ನೊಂದು ತಟ್ಟೆ, ಎರಡು ಪಾತ್ರೆ, ಒಂದು ರೊಟ್ಟಿ ಹಂಚು. ತೊಳೆದು ಮುಗಿಸಲು ಅರ್ಧ ಗಂಟೆ ಸಾಕಾಯಿತು. ಒಡಹುಟ್ಟಿದವನ ಜೀವವನ್ನು ಬಾವಿಯ ಅಂಚಿಗೆ ಇಟ್ಟು ನಾನು ಕಾಪಾಡಿಕೊಂಡಿದ್ದ ಮನೆತನದ ಮರ್ಯಾದೆ ಎಂದರೆ ಆ ಅರ್ಧ ಗಂಟೆ.

ತಮ್ಮ ಈಗ ಅಂಗಡಿ ತೆಗೆಯುತ್ತಾನೆ, ಅದೂ ಎಲ್ಲರೂ ತೆಗೆಯುವ ಹೊತ್ತಿಗೆ. ನಗುತ್ತಾನೆ, ಸ್ವಲ್ಪ ಕಮ್ಮಿ. ನನ್ನ ಮೇಲಿನ ಸಿಟ್ಟು ಹೋಗಿದೆಯೋ ಇಲ್ಲವೋ ನಾನು ಕೇಳಿಲ್ಲ, ಅವನೂ ಹೇಳಿಲ್ಲ. ತಿಂಗಳಿಗೊಂದು ಗುರುವಾರ ಇಬ್ಬರೂ ಆ ಕ್ಲಿನಿಕ್ಕಿಗೆ ಹೋಗಿ ಅದೇ ಕುರ್ಚಿಗಳಲ್ಲಿ ಕೂರುತ್ತೇವೆ. ಡಾಕ್ಟರಮ್ಮ ನಿದ್ದೆ ಕೇಳುತ್ತಾರೆ, ಊಟ ಕೇಳುತ್ತಾರೆ, ರಕ್ತ ಪರೀಕ್ಷೆಯ ಚೀಟಿ ನೋಡುತ್ತಾರೆ. ವಂಶದಲ್ಲಿ ಯಾರಿಗಾದರೂ ಇತ್ತಾ ಎಂದು ಮಾತ್ರ ಕೇಳುವುದಿಲ್ಲ. ಅದು ಆಗಲೇ ಬರೆದಿದೆ. ನಾನು ಪ್ರತಿ ಸಲವೂ ಉತ್ತರ ಸಿದ್ಧಮಾಡಿಕೊಂಡು ಹೋಗಿ, ಹಾಗೇ ವಾಪಸ್ ತರುತ್ತೇನೆ.

ಹೋದ ಗುರುವಾರ ಅದು ಹೊರಗೇ ಬಂದುಬಿಟ್ಟಿತು. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಮಗಳನ್ನು ಕರೆತಂದು ಕೂತಿದ್ದರು. ನಾನು ಕೇಳದಿದ್ದರೂ, “ನಮ್ಮ ಕಡೆ ಯಾರಿಗೂ ಹಿಂಗಿಲ್ಲಮ್ಮ,” ಅಂದರು. “ಒಳಗೆ ಹೋಗಿ ಹಂಗನ್ಬೇಡ್ರಿ,” ಅಂದೆ. ಅವರು ಮುಖ ತಿರುಗಿಸಿಕೊಂಡರು. ತಮ್ಮ ಮೊಬೈಲಿನಿಂದ ತಲೆಯೆತ್ತದೆ ಹೇಳಿದ, “ತಪ್ಪು ತಿಳ್ಕೋಬೇಡ್ರಿ ಅಮ್ಮಾ. ನಮ್ಮಕ್ಕ ಕೇಳ್ದಾಗ ಹೇಳಲ್ಲ, ಕೇಳ್ದೆ ಇದ್ದಾಗ ಹೇಳ್ತಾಳೆ.”